ಮೀನು ಧಕ್ಕೆಯ ವಾಸನೆ

ಸಮುದ್ರ ಬತ್ತಿ ಹೋದ ಮೇಲೆ ಗಂಗೊಳ್ಳಿಯ ಒಂದೊಂದು ಕೇರಿಯೂ ಗಾಜಿನ ತೊಟ್ಟಿಯಲ್ಲಿ ಒಂದಿಷ್ಟು ಕಡಲನ್ನು ಉಳಿಸಿಕೊಂಡಿತ್ತು. ಬಂದರು ಕೇರಿಯ ತೊಟ್ಟಿಯನ್ನು ನೋಡಿಕೊಳ್ಳುವವಳು ಸುಗುಣ. ಅವಳು ಹುಟ್ಟಿದ್ದೇ ಕಡಲು ಹೋದ ಮೇಲೆ.

ಅವತ್ತು ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ಮಬ್ಬಾಗಿ ನಾರುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸುಗುಣ ತೊಟ್ಟಿಯ ಮೇಲೆ ಬಗ್ಗಿದಳು. ಕೈ ಇಳಿಸಿ ತಡಕಿದಾಗ ಕಲ್ಲಿನ ಸಂದಿಯಲ್ಲಿ ಕೊಳೆತ ಸಿಗಡಿ ಸಿಕ್ಕಿತು. ಅದನ್ನು ತೆಗೆದೆಸೆದು, ಅರ್ಧ ನೀರನ್ನು ಬಕೆಟ್ಟುಗಳಿಗೆ ಬಸಿದು, ಡ್ರಮ್ಮಿನಲ್ಲಿ ಉಪ್ಪು ಕದಡಿಟ್ಟಿದ್ದ ಹೊಸ ನೀರನ್ನು ನಿಧಾನವಾಗಿ ತುಂಬಿದಳು.

ಬಕೆಟ್ಟು ಚೆಲ್ಲಲು ಹೊರಟವಳನ್ನು ಎದುರುಮನೆಯ ಗುಲಾಬಜ್ಜಿ ತಡೆದಳು. "ಎಂತ ವಾಸ್ನಿ ಹೆಣ್ಣೇ ಇದ್?"

"ನೀರ್ ಹಾಳಾಯ್ತ್ ಅಜ್ಜಿ. ಹತ್ರ ಬರ್ಬೇಡಿ."

ಅಜ್ಜಿ ಕೇಳಲಿಲ್ಲ. ಬಕೆಟ್ಟಿನ ಮೇಲೆ ಬಗ್ಗಿ ಉಸಿರೆಳೆದುಕೊಂಡು, "ಹ್ವಾಯ್, ಬನ್ನಿ ಮರಾಯ್ರೆ! ಮೀನ್ ಧಕ್ಕೆ ವಾಸ್ನಿ ಬಂತ್!" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದಳು.

ಮುದುಕರೆಲ್ಲ ಬಂದು ಬಕೆಟ್ಟುಗಳಲ್ಲಿ ಕಾಲು ಇಳಿಬಿಟ್ಟು ಕುಳಿತರು. ದೋಣಿಗಳು ಮೀನು ಇಳಿಸುತ್ತಿದ್ದ ಹಳೇ ಧಕ್ಕೆ, ಬಂಗುಡೆ ತುಂಬಿ ಅಲ್ಲಿಗೆ ಬಂದ ದೋಣಿಗಳು, ಹರಾಜಿನ ಕೂಗು, ಬುಟ್ಟಿ ಹೊತ್ತು ಓಡಿದ್ದು ಎಲ್ಲ ಮಾತಿಗೆ ಬಂದವು.

"ನಿನ್ನ ಚೊಕ್ಕ ನೀರ್ ಕಂಡ್ರೆ ನಂಗೆ ಕಡಲ್ ಅಂದೇಳಿ ಅನ್ಸ್ತಾನೇ ಇರ್ಲಿಲ್ಲ, ಹೆಣ್ಣೇ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ತಿಳಿಯಾಗಿ ಮೀನುಗಳು ತಳಕ್ಕಿಳಿದವು. ಕೈ ತೊಳೆಯಲು ನಲ್ಲಿಯ ಬಳಿ ಹೋದ ಸುಗುಣ ತನ್ನ ಅಂಗೈಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದಳು. ಆಮೇಲೆ ಸೋಪನ್ನು ಅಲ್ಲೇ ಬಿಟ್ಟು, ಮುದುಕರ ನಡುವೆ ಹೋಗಿ ಕುಳಿತಳು.