ಪ್ಲಾಸ್ಟಿಕ್ ಮೊಟ್ಟೆ

ಸುಗ್ಗಿಯ ದಿನಗಳು. ಕಣದಲ್ಲಿ ರಾಗಿ ತೂರುತ್ತಿದ್ದ ಹೊಂಬಾಳಮ್ಮ, ಬೇಲಿಯಾಚೆ ಕೋಳಿಬುಟ್ಟಿಗೆ ಪ್ಲಾಸ್ಟಿಕ್ ಮೊಟ್ಟೆ ಇಡುತ್ತಿದ್ದ ವಾರಗಿತ್ತಿಯನ್ನು ಕಂಡು ಮೂತಿ ತಿರುವಿದಳು.

"ಏನೇ ಶಿವಮಣಿ, ಅದನ್ನೂ ಕಾವಿಗೆ ಕೂರಿಸ್ತೀಯಾ?"

"ಇಲ್ಲ ಕಣಕ್ಕಾ, ಸುಮಾರು ದಿನದಿಂದ ಇಡ್ತಿದ್ದೀನಿ. ಒಂದು ಮೊಟ್ಟೆ ಕಂಡ್ರೆ ಕೋಳಿಗಳು ಅಲ್ಲೇ ಬಂದು ಇಡ್ತವೆ. ಅಂದಹಾಗೆ ನಿನ್ನ ಕೆಂಪಿ..."

"ಥೂ, ಬಾಯ್ಮುಚ್ಚೇ! ನನ್ನ ಕೋಳಿ ಸುದ್ದಿ ನಿನಗ್ಯಾಕೆ? ಮೊಟ್ಟೆ ಇಡದಿದ್ರೆ ಸಾರಿಗಾಗುತ್ತೆ. ಆಟದ ಸಾಮಾನು ತಂದು ಕೋಳಿ ಕಾಲು ಹಿಡಿಯೋಳಲ್ಲ ನಾನು."

ಮನೆಗಿದ್ದದ್ದು ಕೆಂಪಿ ಒಂದೇ ಹೇಂಟೆ. ಎರಡು ವಾರದಿಂದ ಒಂದು ಮೊಟ್ಟೆಯನ್ನೂ ಕಾಣಿಸದ ಆ ಗೊಡ್ಡನ್ನು ಅಂದೇ ಕೊಯ್ಸಿ ಒಲೆಗೇರಿಸಿದಳು.

ಮಸಾಲೆ ಕುದಿಯುವ ಹೊತ್ತಿಗೆ ಶಿವಮಣಿ ಮಡಿಲ ತುಂಬ ಮೊಟ್ಟೆ ಕಟ್ಟಿಕೊಂಡು ಬಂದಳು.

"ಬೈದ್ರೆ ಬೈಕೋ ಅಕ್ಕಾ, ನಿನ್ನದು ನಿನಗೆ ಸೇರ್ಲಿ. ಇಷ್ಟೂ ಕೆಂಪಿ ನನ್ನ ಬುಟ್ಟೀಲಿ ಇಟ್ಟಿದ್ದು. ಎಲ್ಲಿ ಅದು? ಕರಿ, ಕಾವಿಗೆ ಕೂರಿಸೋಣ."