ಅಡ್ಡಹೆಸರು ಮೊದಲು

ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟಾಗಲೇ ಐಶ್ವರ್ಯಳಿಗೆ ಕಳವು ತಿಳಿದುಹೋಗಿತ್ತು. ಒಂದು, ಮೂವತ್ತು ವರ್ಷ ಹಳೆಯ ಮಾಸಪತ್ರಿಕೆಯ ಲೇಖನ: ಯಾವ ಮನೆತನದ ಕುರಿಗಾರರು ಕುರಿಯ ಕಿವಿಗೆ ಯಾವ ಗುರುತು ಕೊಯ್ಯುತ್ತಾರೆ ಎಂಬ ವಿವರ. ಇನ್ನೊಂದು, ಅದಾದ ಆರು ವರ್ಷಕ್ಕೆ ಅವಳ ಮಾರ್ಗದರ್ಶಕ ಸಿದ್ದಾರೂಢ ಸರ್ ಹೊರತಂದ ಪುಸ್ತಕ. ಅಕ್ಷರ ಅಕ್ಷರವೂ ಒಂದೇ. ಅಚ್ಚಿನ ತಪ್ಪುಗಳು ಕೂಡ ಅಲ್ಲಿಂದ ಇಲ್ಲಿಗೆ ಹಾಗೆಯೇ ನಡೆದು ಬಂದಿದ್ದವು.

ಬಾಯಿ ಬಿಟ್ಟರೆ ಬಣ್ಣಗೇಡು, ಅದೂ ತನ್ನದೇ. ಹಾಗಾಗಿ ಜಾಣತನ ಮಾಡಿದಳು. ತನ್ನ ಪ್ರಬಂಧದ ಗ್ರಂಥಸೂಚಿಯಲ್ಲಿ, ನಿಯಮದಂತೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಮೊದಲು ಮಾಡಿ, ‘ಮೋರಟಗಿ, ಬಾಳಮ್ಮ ಗುರಪ್ಪ’ ಎಂದು ಆ ಲೇಖನ ಬರೆದವಳನ್ನು ಸೇರಿಸಿದಳು. ಪತ್ರಿಕೆಯ ಹೆಸರು ಓರೆ ಅಕ್ಷರದಲ್ಲಿ. ನೂರಾ ನಲವತ್ತು ಹೆಸರುಗಳ ನಡುವೆ ಇದೊಂದು ಯಾರ ಕಣ್ಣಿಗೆ ಬೀಳುತ್ತದೆ?

ಸರ್ ಕಣ್ಣಿಗೇ ಬಿತ್ತು. ಇಂಡಿ ಊರಿನ ಅವರ ಮನೆಯಲ್ಲಿ, ಪ್ರಬಂಧ ಒಪ್ಪಿಸುವ ಕಡೆಯ ದಿನ ಬೆಳಿಗ್ಗೆ.

“ಈ ಹೆಸರು ತಗಿ. ಆ ಜಾಗಾದಾಗ ನನ್ನ ಪುಸ್ತಕ ಹಾಕು.”

“ಸರ್, ಮೊದಲ ಬರದಾಕಿ ಆಕಿ...”

“ಗುರುತು ಪರಿಚಯ ಇಲ್ಲದವರನ್ನ ಹಾಕಬಾರದು. ಆಕಿ ಊರು ಮೋರಟಗಿಗೆ ಹೋಗಿ ಕೇಳಿ ಬಂದಿ ಅಲ್ಲ, ಸಿಕ್ಕಳೇನು?”

ಕಳ್ಳನಿಗೊಂದು ಪಿಳ್ಳೆನೆವ. ಆದರೆ ಬಾಳಮ್ಮ ಸಿಕ್ಕಿರಲಿಲ್ಲ, ನಿಜ. ತಂದೆ ಗುರಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಮನೆ ಮಾರಿ ಸೋಲಾಪುರ ಸೇರಿದ್ದರು. ಹುಡುಗಿ ಲಗ್ನವಾಗಿ ಹೋದಳು ಎಂದಷ್ಟೇ ಊರವರಿಗೆ ಗೊತ್ತಿತ್ತು.

“ಆ ಹೆಸರಿನಾಕಿ ಈಗ ಯಾರೂ ಇಲ್ಲ,” ಸರ್ ತಣ್ಣಗೆ ಹೇಳಿದರು. “ನಾ ಜಳಕ ಮಾಡಿ ಬರೂದ್ರಾಗ ತಗದಿರು, ಸಹಿ ಹಾಕ್ತೇನಿ. ಇಲ್ಲಾಂದ್ರ ನಿನ್ನ ದಾರಿ ನಿನಗ.”

ಸಂಜೆ ಐದರೊಳಗೆ ಆ ಸಹಿ ಬೀಳದಿದ್ದರೆ ಐದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಐಶ್ವರ್ಯ ಲ್ಯಾಪ್‌ಟಾಪ್ ತೆರೆದಳು. ಬೆರಳು ಮುಂದೆ ಹೋಗಲೊಲ್ಲದು. ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ಕಣ್ಣು ತುಂಬಿ ಬಂದವು.

ಸರ್ ಹೆಂಡತಿ ಸುವರ್ಣಾ ಚಹಾ ತಂದಿಟ್ಟರು. ಒಳಗೆ ಹೋಗದೆ, ಲ್ಯಾಪ್‌ಟಾಪಿನ ಪರದೆಯತ್ತ ಬಾಗಿ ಆ ಸಾಲು ಓದಿದರು.

“ಅಡ್ಡಹೆಸರು ಯಾಕ ಮೊದಲ ಬರದೀ?”

“ನಿಯಮ ಹಂಗೈತ್ರಿ ಕಾಕು. ಅದರ ಮ್ಯಾಲಿಂದನ ಬರದವರನ್ನ ಹುಡಕ್ತಾರ.”

“ಹಂಗಾದ್ರ ಹೆಣಮಕ್ಕಳನ್ನ ಹ್ಯಾಂಗ ಹುಡಕ್ತಾರ?”

“ಪಾಪ, ಎಲ್ಲಿದ್ದಾಳೋ ಏನೋ. ನಾನ ಆಕಿನ್ನ ಅಳಸಾಕತ್ತೇನ್ರಿ,” ಎಂದು ಐಶ್ವರ್ಯ ಬಿಕ್ಕಿದಳು.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಸುವರ್ಣಾ ಅವಳ ಬೆನ್ನ ಮೇಲೆ ಕೈಯಿಟ್ಟರು.

“ಅಳಸವ್ವಾ, ಚಿಂತಿ ಮಾಡಬ್ಯಾಡ. ಲಗ್ನದ ದಿನ ತಾಟಿನ ಅಕ್ಕಿಯಾಗ ಉಂಗುರಲೆ ನನಗ ಸುವರ್ಣಾ ಅಂತ ಹೊಸಾ ಹೆಸರು ಬರದು, ಬಾಳಮ್ಮನ್ನ ನಿಮ್ಮ ಸರ್ ಆವತ್ತ ಅಳಸ್ಯಾರ.”