ಅವ್ವನ ಹೆಸರಿನಲ್ಲಿ ಬಡಿದ ರೊಟ್ಟಿ

ಬಿಸಿನೀರಲ್ಲಿ ಕಲಸಿದ ಜೋಳದ ಹಿಟ್ಟಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣಮುಂದೆ ನಿಲ್ಲುತ್ತದೆ. ಹಂದಿಜ್ವರದಿಂದ ಕಲಬುರಗಿಯ ಐಸಿಯುನಲ್ಲಿ ಸಾವಿನಂಚಿಗೆ ಹೋಗಿದ್ದ ಅವ್ವ ಕಮಲಾಪುರದ ಮನೆಗೆ ಮರಳಿ ತಿಂಗಳಾಗಿತ್ತು. ನೋಡಲು ಬಂದ ತನ್ನ ಮಗಳ ಕಡೆಯ ಬೀಗತಿಗೆ ಅಜ್ಜಿ ಪಡಸಾಲೆಯಲ್ಲಿ, “ಸೊಸಿ ಪೂರಾ ಆರಾಮಾಗ್ಯಾಳ್ರೀ, ರೊಟ್ಟಿ ಮಾಡಾಕತ್ತಾಳ,” ಎನ್ನುತ್ತಿದ್ದಳು.

ಒಳಗೆ ನನ್ನ ಪಕ್ಕ ಕೂತ ಅವ್ವ ನಾಲ್ಕು ಏಟು ರೊಟ್ಟಿ ಬಡಿದು ಗೋಡೆಗೊರಗಿ ಏದುಸಿರು ಬಿಟ್ಟಳು. “ನೀ ಬಡಿ ಯವ್ವಾ. ಸಪ್ಪಳ ನಿಂತ್ರ ಕೆಲಸಕ್ಕ ಬಾರದಾಕಿ ಅಂತಾರ,” ಎಂದಳು.

ಎಂಟು ವರ್ಷದ ನಾನು ಬಡಿದೆ.

“ಸತ್ತು ಹುಟ್ಟಿದಾಕಿ ಕೈಯಾಗ ಏನ ಕಸುವರೀ!” ಎಂದು ಬೀಗತಿ ನಕ್ಕರು. ಹೊಗಳಿಕೆ ನನಗೇ ಎನ್ನಿಸಿ ಇನ್ನೂ ಜೋರಾಗಿ ಬಡಿದೆ.

“ನಾಳಿಂದ ಸೊಸೀನ ಬಾಳಿತೋಟದಾಗ ದುಡ್ಯಾಕ ಕಳಸ್ತೀನ್ರೀ,” ಎಂದಳು ಅಜ್ಜಿ.

ಅವ್ವ ಇನ್ನೊಂದು ಹಿಟ್ಟಿನುಂಡೆ ನನ್ನ ಮುಂದೆ ಸರಿಸಿದಳು.